ರಂಗಿಗೆ ಕೊಟ್ಟ ಆಯಸ್ಸು

ಗಂಗೊಳ್ಳಿ ಅಳಿವೆಯ ದಡದಲ್ಲಿದ್ದ ಕಡಲಜೀವಿ ಸಂಶೋಧನಾ ಕೇಂದ್ರದಿಂದ ವನಜಾ ತನ್ನ ಹದಿನೆಂಟು ವರ್ಷಗಳ ನೌಕರಿಯಲ್ಲಿ ಮನೆಗೆ ತಂದದ್ದು ಎರಡೇ ವಸ್ತು. ಮೊಟ್ಟೆಗಳನ್ನು ಕೇಳಿ ತಂದಳು. ಔಷಧವನ್ನು ಕೇಳದೆ ತಂದಳು.

ಮೊಟ್ಟೆ ತಂದದ್ದು ೨೦೩೬ರ ಅಕ್ಟೋಬರಿನಲ್ಲಿ. ಪ್ರಯೋಗಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದವನ್ನು ಸಮುದ್ರಕ್ಕೆ ಬಿಡುವ ದಿನ, ನಿರ್ದೇಶಕರಾದ ಐತಾಳರ ಒಪ್ಪಿಗೆ ಪಡೆದು, ಕಪ್ಪು ದ್ರಾಕ್ಷಿಯ ಗೊಂಚಲಿನಂತಿದ್ದ ಹನ್ನೆರಡು ಮೊಟ್ಟೆಗಳನ್ನು ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಕಪ್ಪೆ ಬೊಂಡಾಸಿನ, ಅಂದರೆ ಕಟಲ್‌ಫಿಶ್‌ನ, ಮೊಟ್ಟೆಗಳು. ಮೀನುಪೇಟೆಗೆ ಹೋಗುವವರಿಗೆಲ್ಲ ಕಪ್ಪೆ ಬೊಂಡಾಸ್ ಗೊತ್ತು, ಆದರೆ ಅದು ಸತ್ತು ಬೆಳ್ಳಗಾದ ಮೇಲಿನ ರೂಪ. ಜೀವಂತವಿದ್ದಾಗ ಅದರ ಚರ್ಮ ಕ್ಷಣಕ್ಕೊಂದು ಬಣ್ಣ ತಾಳುತ್ತದೆ. ಎಂಟು ಗಿಡ್ಡ ತೋಳು, ಬೇಟೆಗೆಂದೇ ಒಳಗೆ ಮಡಚಿಟ್ಟುಕೊಂಡ ಇನ್ನೆರಡು ಉದ್ದ ತೋಳು, ಮೀಸೆಯಂತೆ ಬಾಗಿದ ಕಣ್ಣಪಾಪೆ. ಎದುರಿಗೆ ಯಾರಾದರೂ ಬಂದು ನಿಂತರೆ, ಮೀನುಗಳ ಹಾಗೆ ಬೆದರಿ ಓಡದೆ ಅದೂ ನಿಂತು ನೋಡುತ್ತದೆ.

ಕುಂದಾಪುರದ ಅವರ ಮನೆಯ ಚಾವಡಿಯಲ್ಲಿ ಎಂಟಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಅದು ವನಜಾಳ ಗಂಡ ಭಾಸ್ಕರನ ಹುಚ್ಚು. ಭಾಸ್ಕರ ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿಯವನು. ಬೋಟುಗಳೆಲ್ಲ ಒಂದೊಂದಾಗಿ ಬ್ಯಾಟರಿಗೆ ಬದಲಾಗಿ ಕೆಲಸ ತೆಳುವಾದಂತೆ ಅವನ ಕೈ ಈ ತೊಟ್ಟಿಯ ಕಡೆ ತಿರುಗಿತ್ತು. ಹಳೆಯ ಪಂಪುಗಳನ್ನು ಬಿಚ್ಚಿ ಅಲೆ ಏಳಿಸುವ ಯಂತ್ರ ಮಾಡಿದ್ದ. ನೀರು ಸೋಸುವ ಪೆಟ್ಟಿಗೆ ಅವನೇ ಜೋಡಿಸಿದ್ದು. ಬಂಡೆಯ ಸಂದುಗಳಲ್ಲಿ ಹವಳ ಬೆಳೆದು, ಸಣ್ಣ ಮೀನುಗಳು ಓಡಾಡಿಕೊಂಡು, ನೋಡಿದವರು ಕಡಲಿನ ಒಂದು ತುಂಡನ್ನು ಕೊಯ್ದು ತಂದಿಟ್ಟಿದ್ದಾರೆ ಎನ್ನುತ್ತಿದ್ದರು.

ಭಾಸ್ಕರನ ತಾಯಿ ಗುಲಾಬಿಯಮ್ಮ ನಲವತ್ತು ವರ್ಷ ಮೀನುಪೇಟೆಯಲ್ಲಿ ಕೂತು ವ್ಯಾಪಾರ ಮಾಡಿದವರು. ಸೊಸೆ ಮೊಟ್ಟೆಯ ಡಬ್ಬಿ ಹಿಡಿದು ಒಳಗೆ ಬಂದಾಗ, ಮಗ ಅದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡದ್ದು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ನಲ್ವತ್ತ್ ವರ್ಷ ಇದನ್ನ ಬುಟ್ಟಿಗಟ್ಲೆ ಮಾರಿದೆ ನಾನ್. ಈಗ ನೀವಿಬ್ರೂ ಕೂತ್ಕಂಡ್ ಇದ್ಕೆ ಬಾಣ್ತನ ಮಾಡ್ತ್ರಲೆ!"

ಹನ್ನೆರಡರಲ್ಲಿ ಒಂಬತ್ತು ಒಡೆದವು. ಮರಿಗಳು ತೊಗರಿಬೇಳೆಯಷ್ಟಿದ್ದವು. ಜೀವಂತ ಸಿಗಡಿಮರಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಭಾಸ್ಕರ ಬೆಳಿಗ್ಗೆ ಎದ್ದು ಹಿನ್ನೀರಿಗೆ ಹೋಗಿ ಸಣ್ಣ ಬಲೆಯಲ್ಲಿ ಸಿಗಡಿಮರಿ ಹಿಡಿದು ತರುತ್ತಿದ್ದ. ಆದರೂ ಎಂಟು ಸತ್ತವು. ಉಳಿದ ಒಂದಕ್ಕೆ ಗುಲಾಬಿಯಮ್ಮನೇ ರಂಗಿ ಎಂದು ಹೆಸರಿಟ್ಟರು.

ರಂಗಿಗೆ ನಾಲ್ಕು ತಿಂಗಳಾಗಿದ್ದಾಗ, ಫೆಬ್ರವರಿಯ ಒಂದು ಬೆಳಿಗ್ಗೆ, ಭಾಸ್ಕರ ಬಂದರಿನಲ್ಲಿ ಬೋಟಿನ ಅಟ್ಟದ ಮೇಲೆ ಕುಸಿದು ಬಿದ್ದ. ಪಾರ್ಶ್ವವಾಯು. ಐವತ್ತೆರಡು ವರ್ಷ ವಯಸ್ಸು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತೂ ಹೋಗಿತ್ತು. ಇಡೀ ನಾಲಿಗೆಯ ಮೇಲೆ ಒಂದೇ ಒಂದು ಶಬ್ದ ಉಳಿದಿತ್ತು: "ಆಯ್ತ್." ಊಟ ಬೇಕಾದರೂ ಆಯ್ತ್, ಸಾಕಾದರೂ ಆಯ್ತ್, ಯಾರಾದರೂ ನೋಡಲು ಬಂದರೂ ಆಯ್ತ್. ಮೆದುಳಿನ ಮಾತಿನ ಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಹೀಗೆ ಒಂದು ಶಬ್ದ ಮಾತ್ರ ಉಳಿಯುತ್ತದೆ, ಒಳಗೆ ತಿಳಿವಳಿಕೆ ಇರುತ್ತದೆ ಎಂದು ವೈದ್ಯರು ಹೇಳಿದರು. ವನಜಾ ತಲೆಯಾಡಿಸಿದಳು. ಆದರೆ ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಬರುವ ಮನುಷ್ಯನೊಂದಿಗೆ ದಿನವೂ ಬಾಳುವಾಗ, ಒಳಗೆ ತಿಳಿವಳಿಕೆ ಇದೆ ಎಂಬುದನ್ನು ನೆನಪಿಟ್ಟುಕೊಳ್ಳುವುದು ಕಷ್ಟ.

ಮೊದಲ ತಿಂಗಳು ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಒಂದು ದಿನ ಗುಲಾಬಿಯಮ್ಮ ಕುರ್ಚಿಯನ್ನು ಎಳೆದು ತೊಟ್ಟಿಯ ಎದುರಿಗೆ ಹಾಕಿದರು. ಅಂಗೈಯಷ್ಟು ಬೆಳೆದಿದ್ದ ರಂಗಿ ಬಂಡೆಯ ಮರೆಯಿಂದ ಹೊರಗೆ ಬಂದು ಗಾಜಿನ ಹತ್ತಿರ ನಿಂತಿತು. ಭಾಸ್ಕರ ಎಡಗೈಯ ಎರಡು ಬೆರಳು ಎತ್ತಿದ. ಸ್ವಲ್ಪ ಹೊತ್ತಿಗೆ ರಂಗಿಯೂ ಮುಂದಿನ ಎರಡು ತೋಳುಗಳನ್ನು ನೆಟ್ಟಗೆ ಮೇಲೆತ್ತಿತು. ಅವನು ಬೆರಳು ಇಳಿಸಿದ, ಅದೂ ಇಳಿಸಿತು. ಪಾರ್ಶ್ವವಾಯು ಬಡಿದ ಮೇಲೆ ಭಾಸ್ಕರ ನಕ್ಕದ್ದು ಅವತ್ತೇ ಮೊದಲು. ಅರ್ಧ ಮುಖದಲ್ಲಿ ನಗು, ಇನ್ನರ್ಧ ಹಾಗೇ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವನಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಅತ್ತಳು.

ಅಲ್ಲಿಂದ ಮುಂದೆ ಅವನ ದಿನವೆಲ್ಲ ಆ ಕುರ್ಚಿಯಲ್ಲೇ. ವ್ಯಾಯಾಮ ಮಾಡಿಸುವ ಡಾಕ್ಟರು ಬಂದಾಗಲೂ ತೊಟ್ಟಿಯ ಎದುರು ಕೂರಿಸಿದರೆ ಮಾತ್ರ ಕೈ ಕೊಡುತ್ತಿದ್ದ.

ಅದೇ ಹೊತ್ತಿಗೆ ಸಂಶೋಧನಾ ಕೇಂದ್ರದಲ್ಲಿ ವನಜಾಳ ತಂಡ ಬೇರೆಯೇ ಒಂದು ಪ್ರಶ್ನೆಯ ಬೆನ್ನು ಹತ್ತಿತ್ತು. ಇಷ್ಟು ಜಾಣ ಜೀವಿ ಇಷ್ಟು ಬೇಗ ಸಾಯುವುದೇಕೆ? ಕಪ್ಪೆ ಬೊಂಡಾಸಿನ ಕಣ್ಣಿನ ಹಿಂದೆ ಸಾಸಿವೆಗಿಂತ ಚಿಕ್ಕದಾದ ಒಂದು ಗ್ರಂಥಿ ಇದೆ. ಪ್ರಾಣಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಈ ಗ್ರಂಥಿ ಎಚ್ಚರಾಗಿ ರಸ ಸುರಿಸುತ್ತದೆ. ಆ ರಸ ಮೊದಲು ಮೊಟ್ಟೆಗಳನ್ನು ಬಲಿಸುತ್ತದೆ, ಆಮೇಲೆ ದೇಹದ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತ ಬರುತ್ತದೆ. ಮೊಟ್ಟೆಯಿಟ್ಟ ತಾಯಿ ಕೆಲವೇ ವಾರಗಳಲ್ಲಿ ಸಾಯುತ್ತದೆ. ಹುಟ್ಟಿಸುವ ರಸವೂ ಕೊಲ್ಲುವ ರಸವೂ ಒಂದೇ ಗ್ರಂಥಿಯಿಂದ ಬರುವುದರಿಂದ, ಆ ಗ್ರಂಥಿಯ ಬಾಯಿ ಮುಚ್ಚಿದರೆ ಪ್ರಾಣಿ ಬದುಕಬೇಕು. ಮೂವತ್ತು ರಾಸಾಯನಿಕಗಳು ಸೋತವು. ಮೂವತ್ತೊಂದನೆಯದು ಗೆದ್ದಿತು. ಅದಕ್ಕೆ ಹೆಸರು ಇಡುವ ತಾಳ್ಮೆಯೂ ಯಾರಿಗೂ ಇಲ್ಲದೆ ಎಲ್ಲರೂ "ಮೂವತ್ತೊಂದು" ಎಂದೇ ಕರೆದರು. ವಾರಕ್ಕೆ ಒಂದು ಹನಿ, ಸಿಗಡಿಯೊಳಗೆ ಚುಚ್ಚಿ ತಿನ್ನಿಸಿದರೆ ಸಾಕಾಗಿತ್ತು.

ಡಿಸೆಂಬರಿನಲ್ಲಿ ರಂಗಿಯ ಕಣ್ಣು ಮಂಜಾಯಿತು. ಚರ್ಮದ ಮೇಲೆ ಬಿಳಿ ಮಚ್ಚೆಗಳು ಎದ್ದವು. ಸಿಗಡಿಗೆ ಗುರಿಯಿಟ್ಟು ಚಾಚಿದ ತೋಳು ಎರಡು ಬೆರಳು ಆಚೆ ಬೀಳುತ್ತಿತ್ತು. ವಯಸ್ಸು ಹದಿನಾಲ್ಕು ತಿಂಗಳು. ಭಾಸ್ಕರ ಬೆಳಗಿನಿಂದ ಸಂಜೆಯವರೆಗೆ ಎರಡು ಬೆರಳು ಎತ್ತಿ ಹಿಡಿದು ಕಾಯುತ್ತಿದ್ದ. ರಂಗಿ ಎತ್ತುತ್ತಿರಲಿಲ್ಲ.

"ಅದ್ರ ಕಾಲ ಬಂತ್ ಹೆಣ್ಣೆ. ಬಿಟ್ಟ್ ಬಿಡ್," ಎಂದರು ಗುಲಾಬಿಯಮ್ಮ.

"ಇವ್ರಿಗೆ ಅದ್ ಬಿಟ್ರೆ ಬೇರೆ ಎಂತ ಇತ್ತ್ ಅತ್ತೆ?"

ಮರುದಿನ ಸಂಜೆ ವನಜಾ ಪ್ರಯೋಗಾಲಯದ ಶೀತಪೆಟ್ಟಿಗೆಯಿಂದ ಒಂದು ಸಣ್ಣ ಸೀಸೆ ತೆಗೆದು ಊಟದ ಡಬ್ಬಿಯಲ್ಲಿಟ್ಟುಕೊಂಡಳು. ಪ್ರಯೋಗದಲ್ಲಿರುವ ಔಷಧವನ್ನು ಹೊರಗೆ ಒಯ್ಯುವುದು ಅಪರಾಧ. ಐತಾಳರನ್ನು ಕೇಳಿದರೆ ಬೇಡವೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿದ್ದವಳು "ಇವತ್ತ್ ಎಂತ ಸಾರ್ ತಕಂಡ್ ಹೋಯಿದ್ರಿ?" ಎಂದು ಕೇಳಿದಾಗ ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಳು.

ಮೂರು ವಾರದಲ್ಲಿ ರಂಗಿಯ ಕಣ್ಣು ತಿಳಿಯಾಯಿತು. ಬಿಳಿ ಮಚ್ಚೆಗಳು ಮಾಸಿದವು. ಜನವರಿಯಲ್ಲಿ ಒಂದು ಬೆಳಿಗ್ಗೆ ಚಾವಡಿಯಿಂದ "ಆಯ್ತ್! ಆಯ್ತ್!" ಎಂಬ ಕೂಗು ಕೇಳಿ ವನಜಾ ಓಡಿಬಂದರೆ, ರಂಗಿ ಎರಡು ತೋಳೆತ್ತಿ ನಿಂತಿತ್ತು.

ಆ ವರ್ಷದ ಬಗ್ಗೆ ವನಜಾಗೆ ಆಮೇಲೂ ಪಶ್ಚಾತ್ತಾಪವಾಗಲಿಲ್ಲ. ಅಷ್ಟು ಸುಖದ ವರ್ಷ ಅದು. ಭಾಸ್ಕರ ಊರುಗೋಲು ಹಿಡಿದು ಅಂಗಳದವರೆಗೆ ನಡೆದ. ಎಡಗೈಯಿಂದಲೇ ತೊಟ್ಟಿಯ ಗಾಜು ಒರೆಸಿದ, ಪಂಪು ಬಿಚ್ಚಿ ಜೋಡಿಸಿದ. ಗುಲಾಬಿಯಮ್ಮ ಪೇಟೆಯ ಹಳೆಯ ಗೆಳತಿಯರನ್ನೆಲ್ಲ ಕರೆದು ತಂದು ರಂಗಿಯನ್ನು ತೋರಿಸುತ್ತಿದ್ದರು. ಅವರಲ್ಲಿ ಒಬ್ಬಾಕೆ ಮನೆಗೆ ಹೋಗಿ ಅವತ್ತಿನ ಬೊಂಡಾಸ್ ಸಾರನ್ನು ತಿನ್ನಲಾಗಲಿಲ್ಲವೆಂದು ಫೋನು ಮಾಡಿ ಬೈದಳಂತೆ.

೨೦೩೯ರ ಫೆಬ್ರವರಿಯಲ್ಲಿ ರಂಗಿಗೆ ಇಪ್ಪತ್ತೆಂಟು ತಿಂಗಳಾಗಿತ್ತು. ಅದು ಬಂಡೆಯ ಒಂದು ಸಂದನ್ನು ಹುಡುಕಿಕೊಂಡು, ಕತ್ತಿನ ಕೆಳಗಿನ ಕೊಳವೆಯಿಂದ ನೀರು ಚಿಮ್ಮಿಸಿ ಅದನ್ನು ತೊಳೆಯತೊಡಗಿತು. ಮೊಟ್ಟೆಯಿಡುವ ಮೊದಲು ಹೆಣ್ಣು ಹೀಗೆ ಜಾಗ ಹಸನು ಮಾಡುತ್ತದೆ. ದಿನವಿಡೀ ತೊಳೆಯಿತು, ವಾರವಿಡೀ ತೊಳೆಯಿತು. ಸಂದಿನೊಳಗೆ ತೋಳು ಚಾಚಿ ಏನನ್ನೋ ಅಂಟಿಸುವ ಹಾಗೆ ಮಾಡಿ, ಬರಿದಾದ ತೋಳನ್ನು ಹಿಂದಕ್ಕೆ ಎಳೆದುಕೊಂಡು ಮತ್ತೆ ತೊಳೆಯಿತು. ವನಜಾ ಹಿಡಿದು ನೋಡಿದಾಗ ಅದರ ಹೊಟ್ಟೆ ಬಿರುಸಾಗಿತ್ತು. ಮೊಟ್ಟೆಗಳು ಒಳಗೆ ಬಲಿತಿದ್ದವು, ಹೊರಗೆ ಬರುತ್ತಿರಲಿಲ್ಲ. ಮೂವತ್ತೊಂದು ಆ ಗ್ರಂಥಿಯನ್ನು ಪೂರ್ತಿ ಮುಚ್ಚಿರಲಿಲ್ಲ. ಅರ್ಧದಲ್ಲಿ ತಡೆದು ನಿಲ್ಲಿಸಿತ್ತು. ಹಡೆಯಬೇಕೆಂಬ ಒತ್ತಡ ದೇಹದೊಳಗೆ ಹುಟ್ಟಿತ್ತು, ಹಡೆಯುವ ದಾರಿ ತೆರೆದಿರಲಿಲ್ಲ.

ಏಪ್ರಿಲಿನಲ್ಲಿ ಅದು ತನ್ನ ತೋಳಿನ ತುದಿಗಳನ್ನು ಕಚ್ಚಿಕೊಳ್ಳತೊಡಗಿತು.

ಸಂಶೋಧನಾ ಕೇಂದ್ರದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಔಷಧ ತಿಂದ ನಲವತ್ತು ಪ್ರಾಣಿಗಳನ್ನು ಇಪ್ಪತ್ತನಾಲ್ಕು ತಿಂಗಳಿಗೆ ಕೊಂದು ಗ್ರಂಥಿ ಪರೀಕ್ಷಿಸುವುದೆಂದು ಮೊದಲೇ ನಿಗದಿಯಾಗಿತ್ತು. ಅದಕ್ಕಿಂತ ಮುಂದಿನ ವಯಸ್ಸನ್ನು ಕಂಡ ಪ್ರಾಣಿ ಜಗತ್ತಿನಲ್ಲೇ ಒಂದು. ಅದು ಕುಂದಾಪುರದ ಚಾವಡಿಯಲ್ಲಿತ್ತು.

ಜೂನ್ ತಿಂಗಳಲ್ಲಿ ಬೆಂಗಳೂರಿನ ಒಂದು ಅಕ್ವೇರಿಯಂ ಕಂಪನಿಯವರು ಬಂದರು. ಮನೆಮನೆಯ ತೊಟ್ಟಿಗಳಿಗೆ ಕಪ್ಪೆ ಬೊಂಡಾಸ್ ಮಾರುವುದು, ಜೊತೆಗೆ ವಾರಕ್ಕೊಂದು ಗುಳಿಗೆಯಾಗಿ ಮೂವತ್ತೊಂದನ್ನೂ ಮಾರುವುದು ಅವರ ಯೋಜನೆ. ಒಂದೂವರೆ ವರ್ಷಕ್ಕೆ ಸಾಯುವ ಪ್ರಾಣಿಯನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಹತ್ತು ವರ್ಷ ಬದುಕಿದರೆ ನಾಯಿಯ ಹಾಗೆ ಸಾಕುತ್ತಾರೆ ಎಂದು ಅವರು ಹೇಳಿದರು. ಅನುಮತಿಯ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ದೀರ್ಘಕಾಲದ ಬಳಕೆಯಲ್ಲಿ ಪ್ರಾಣಿಗೆ ನೋವು ಅಥವಾ ತಳಮಳದ ಚಿಹ್ನೆ ಕಂಡಿದೆಯೇ?

ಐತಾಳರು ಕನ್ನಡಕ ಹಣೆಗೇರಿಸಿ ಮೇಜಿನ ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದರು. ಕೊನೆಗೆ ಅವಳ ಸರದಿ ಬಂತು. "ವನಜಾ, ದಿನಾ ಅವುಗಳ ಜೊತೆ ಇರುವವರು ನೀವು. ನಿಮ್ಮ ಗಮನಕ್ಕೆ ಬೇರೆ ಎಂತಾದ್ರೂ ಬಂದಿದ್ಯಾ?"

ಬಂದಿದೆ ಎಂದರೆ ಎಲ್ಲಿ ಕಂಡಿರಿ ಎಂದು ಕೇಳುತ್ತಾರೆ. ನೌಕರಿ ಹೋಗುತ್ತದೆ. ಅದಕ್ಕಿಂತ ಮೊದಲು ಯಾರಾದರೂ ಮನೆಗೆ ಬಂದು ರಂಗಿಯನ್ನು ಎತ್ತಿಕೊಂಡು ಹೋಗುತ್ತಾರೆ, ಭಾಸ್ಕರ ಮತ್ತೆ ಗೋಡೆ ನೋಡುತ್ತ ಕೂರುತ್ತಾನೆ. ಒಂದೇ ಒಂದು ಪ್ರಾಣಿ, ಮನೆಯ ತೊಟ್ಟಿಯದು, ನೀರಿನದೋ ಆಹಾರದ್ದೋ ದೋಷವಿದ್ದರೂ ಇರಬಹುದು. ವಿಜ್ಞಾನದಲ್ಲಿ ಒಂದು ಪ್ರಾಣಿ ಸಾಕ್ಷಿಯಾಗುವುದಿಲ್ಲ ಎಂದು ಅವಳೇ ಎಷ್ಟೋ ಹುಡುಗರಿಗೆ ಪಾಠ ಹೇಳಿದ್ದಳು.

"ಇಲ್ಲ ಸಾರ್," ಎಂದಳು.

ಐತಾಳರು "ಇಲ್ಲ" ಎಂದು ಬರೆದು ಸಹಿ ಹಾಕಿದರು. ಅವಳೂ ಕೆಳಗೆ ಸಹಿ ಹಾಕಿದಳು.

ಆ ಮಳೆಗಾಲದಲ್ಲಿ ಭಾಸ್ಕರ ಬದಲಾದ. ಔಷಧ ಚುಚ್ಚಿದ ಸಿಗಡಿಯ ತಟ್ಟೆಯನ್ನು ಅವನ ಎಡಗೈಗೆ ಕೊಟ್ಟರೆ ನೆಲಕ್ಕೆ ಚೆಲ್ಲಿದ. ಒಂದು ಸಲವಲ್ಲ, ನಾಲ್ಕು ವಾರ ಒಂದೇ ಸಮನೆ. ತಿನ್ನಿಸುವ ಕೆಲಸವನ್ನು ವನಜಾ ತಾನೇ ವಹಿಸಿಕೊಂಡಳು. ಅವಳು ಚಿಮಟದಲ್ಲಿ ಸಿಗಡಿ ಹಿಡಿದು ನೀರಿಗೆ ಇಳಿಸುವಾಗ ಭಾಸ್ಕರ ಕುರ್ಚಿಯಿಂದ ಬಾಗಿ ಅವಳ ಮಣಿಕಟ್ಟು ಹಿಡಿದುಕೊಂಡ. "ಆಯ್ತ್," ಎಂದ. "ಆಯ್ತ್, ಆಯ್ತ್."

"ಆಯ್ತಲ್ದಾ? ಮತ್ತೆ ಕೈ ಬಿಡಿ."

ಅವನು ಬಿಡಲಿಲ್ಲ. ಉಗುರು ಒತ್ತಿ ಗಾಯವಾಯಿತು. ಕೆಲಸದಿಂದ ಬಂದು ಸುಸ್ತಾಗಿದ್ದ ವನಜಾಗೆ ಸಿಟ್ಟು ನೆತ್ತಿಗೇರಿತು. "ಕೂತಲ್ಲೇ ಕೂತ್ ನಿಮ್ಗೆ ಬುದ್ಧಿಯೂ ಮಂಕಾಯ್ತಾ? ಇದನ್ನ ಉಳ್ಸುಕೆ ನಾನ್ ಎಂತೆಲ್ಲ ಮಾಡಿದ್ದೆ ಗೊತ್ತಿತ್ತಾ ನಿಮ್ಗೆ?" ಎಂದು ಕೈ ಕಿತ್ತುಕೊಂಡಳು. ಭಾಸ್ಕರ ಅವಳ ಮುಖವನ್ನು ನೋಡಿದ. ಆಮೇಲೆ ತೊಟ್ಟಿಯ ಕಡೆ ತಿರುಗಿ ಎರಡು ಬೆರಳು ಎತ್ತಿದ. ಮುಂದೆಂದೂ ಅವಳ ಕೈ ಹಿಡಿಯಲಿಲ್ಲ.

ಮುಂದಿನ ವರ್ಷದ ಆರಂಭದಲ್ಲಿ ಗುಳಿಗೆ ಅಂಗಡಿಗಳಿಗೆ ಬಂತು. ಮೈಸೂರು, ಹುಬ್ಬಳ್ಳಿ, ಬೆಳಗಾವಿ ಎಲ್ಲ ಕಡೆ ನಡುಮನೆಯಲ್ಲಿ ಕಪ್ಪೆ ಬೊಂಡಾಸ್ ಸಾಕುವ ಖಯಾಲಿ ಹಬ್ಬಿತು. ತಮ್ಮ ಪ್ರಾಣಿಯ ಬಣ್ಣದಾಟದ ವಿಡಿಯೋಗಳನ್ನು ಜನ ಹಂಚಿಕೊಂಡರು. ಸಂಶೋಧನಾ ಕೇಂದ್ರಕ್ಕೆ ಪ್ರಶಸ್ತಿ ಬಂದಾಗ ವೇದಿಕೆಯ ಮೇಲೆ ಐತಾಳರ ಪಕ್ಕದಲ್ಲಿ ವನಜಾ ಇದ್ದಳು. ಹಾರ ಹಾಕಿಸಿಕೊಳ್ಳುವಾಗ ತಲೆ ತಗ್ಗಿಸಿದ್ದನ್ನು ಎಲ್ಲರೂ ವಿನಯವೆಂದುಕೊಂಡರು.

ಮನೆಯಲ್ಲಿ ತೊಟ್ಟಿಯೂ ಚಾವಡಿಯೂ ಕಾಣುವಂತೆ, ಸದ್ದೂ ಹಿಡಿಯುವ ಒಂದು ಕ್ಯಾಮೆರಾವನ್ನು ಅವಳೇ ಕೂರಿಸಿದ್ದಳು. ರಂಗಿ ದಿನಕ್ಕೆ ಎಷ್ಟು ಸಿಗಡಿ ತಿಂದಿತೆಂದು ಅದು ಎಣಿಸಿ ಹೇಳುತ್ತಿತ್ತು. ಎಣಿಕೆ ಸರಿಯಿದ್ದರೆ ವನಜಾ ಅದರ ಚಿತ್ರಗಳನ್ನು ತೆರೆದು ನೋಡುತ್ತಿರಲಿಲ್ಲ. ತೋಳುಗಳ ಗಾಯ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇರುತ್ತಿತ್ತು. ಕಡಿಮೆಯಿದ್ದ ದಿನ ವಾಸಿಯಾಗುತ್ತಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೀಗೆ ಎರಡು ವರ್ಷ ಕಳೆಯಿತು.

೨೦೪೧ರ ಆಗಸ್ಟಿನ ಒಂದು ಸಂಜೆ ವ್ಯಾಯಾಮದ ಡಾಕ್ಟರು ಭಾಸ್ಕರನ ಎಡ ಹೆಗಲನ್ನು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಒಳ್ಳೇ ಕೈ ಅಲ್ವಾ ಇದು? ಕೀಲು ಪೂರ್ತಿ ಸವೆದುಹೋಗಿದೆ. ಈ ಕೈಯಲ್ಲಿ ಇವರು ದಿನಾ ಏನು ಎತ್ತಿ ಹಿಡೀತಾರೆ?"

"ಎಂತದೂ ಇಲ್ಲ, ಸುಮ್ನೆ ಕೂತಿರ್ತ್ರು," ಎಂದಳು ವನಜಾ.

ಡಾಕ್ಟರು ಹೋದ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಗುಲಾಬಿಯಮ್ಮ ಕುಟ್ಟಾಣಿ ಕೆಳಗಿಟ್ಟರು. "ಸುಮ್ನೆ ಕೂತಿರ್ತ ಅಂದೆ ಅಲ್ದಾ? ನೀ ಆಫೀಸಿಗ್ ಹೋದ್ಮೇಲೆ ಅವ ಎಂತ ಮಾಡ್ತ ಅಂತ ಒಂದ್ ದಿನ ಆದ್ರೂ ಕಂಡಿದ್ಯಾ? ನಾನ್ ಹೇಳಿರೆ, ಓದಿದವ್ಳಿಗ್ ಗೊತ್ತಿಲ್ದೆ ಇರುತ್ತಾ ಅಂತಿ. ಅದ್ಕೆ ಬಾಯ್ ಮುಚ್ಕಂಡ್ ಕೂತಿದ್ದೆ."

ಮರುದಿನ ಮಧ್ಯಾಹ್ನ, ಪ್ರಯೋಗಾಲಯದ ಪರದೆಗಳ ಕೋಣೆಯಲ್ಲಿ ಒಬ್ಬಳೇ ಕೂತು, ವನಜಾ ಮನೆಯ ಕ್ಯಾಮೆರಾದ ಚಿತ್ರಗಳನ್ನು ತೆರೆದಳು. ಹಿಂದಿನ ದಿನದ ಒಂಬತ್ತು ಗಂಟೆಯಿಂದ ಶುರು ಮಾಡಿದಳು. ಅವಳು ಬ್ಯಾಗು ಹೆಗಲಿಗೇರಿಸಿ ಹೊರಟ ಹತ್ತು ನಿಮಿಷಕ್ಕೆ ರಂಗಿ ಸಂದಿನಿಂದ ಹೊರಗೆ ಬಂದು ತೋಳನ್ನು ಬಾಯಿಗಿಟ್ಟಿತು. ಭಾಸ್ಕರ ಎರಡು ಬೆರಳು ಎತ್ತಿದ. ರಂಗಿ ಕಚ್ಚುವುದನ್ನು ಬಿಟ್ಟು ತಿರುಗಿ ಎರಡು ತೋಳೆತ್ತಿತು. ಎತ್ತಿಕೊಂಡಿರುವಷ್ಟು ಹೊತ್ತು ಅದಕ್ಕೆ ಕಚ್ಚಿಕೊಳ್ಳಲಾಗುತ್ತಿರಲಿಲ್ಲ. ಭಾಸ್ಕರ ಕೈ ಇಳಿಸಿದರೆ ತೋಳು ಮತ್ತೆ ಬಾಯಿಗೆ ಹೋಗುತ್ತಿತ್ತು. ಅದಕ್ಕೇ ಅವನು ಇಳಿಸುತ್ತಿರಲಿಲ್ಲ. ಹತ್ತು ಗಂಟೆಗೆ ಕೈ ನಡುಗತೊಡಗಿತು. ಹನ್ನೊಂದಕ್ಕೆ ಗುಲಾಬಿಯಮ್ಮ ಬಂದು ಮಗನ ಮೊಣಕೈ ಕೆಳಗೆ ದಿಂಬು ಇಟ್ಟು ಹೋದರು. ಊಟದ ಹೊತ್ತಿಗೆ ಅವರು ಒಂದು ಕೈಯಲ್ಲಿ ತುತ್ತು ಕೊಡುತ್ತ, ಇನ್ನೊಂದು ಕೈಯ ಎರಡು ಬೆರಳನ್ನು ಗಾಜಿಗೆ ಹಿಡಿದಿದ್ದರು. ಮೂರು ಗಂಟೆಗೆ ಭಾಸ್ಕರನ ತಲೆ ವಾಲಿತು, ನಿದ್ದೆ ಬಂದಿತ್ತು. ರಂಗಿ ಕಚ್ಚಿಕೊಂಡಿತು. ನೀರಿನಲ್ಲಿ ಅದರ ನೀಲಿ ರಕ್ತದ ಎಳೆ ಕಾಣಿಸಿದಾಗ ಭಾಸ್ಕರ ಬೆಚ್ಚಿ ಎದ್ದು, ಬೆರಳೆತ್ತಿ, ಅಳುತ್ತ ಹೇಳಿದ: "ಆಯ್ತ್. ಆಯ್ತ್."

ವನಜಾ ಆ ಜಾಗವನ್ನು ಮತ್ತೆ ಮತ್ತೆ ಕೇಳಿದಳು. ಮುಗಿಯಿತು ಎಂದು ಹೇಳುತ್ತಿದ್ದ. ಮುಗಿಯಿತು, ಸಾಕು ಮಾಡು ಎಂದು ಅವಳ ಮಣಿಕಟ್ಟು ಹಿಡಿದು ಎರಡು ವರ್ಷದ ಹಿಂದೆಯೇ ಹೇಳಿದ್ದ.

ಸಂಜೆ ನಾಲ್ಕೂವರೆಗೆ ಚಿತ್ರದಲ್ಲಿ ಅವಳೇ ಮನೆಯೊಳಗೆ ಬಂದಳು. ಬ್ಯಾಗು ಇಟ್ಟು, ಎಣಿಕೆ ನೋಡಿ, "ಇವತ್ತ್ ಹನ್ನೊಂದ್ ಸಿಗಡಿ ತಿಂದಿತ್ತ್, ಅಡ್ಡಿಲ್ಲ" ಎಂದು ಅಡುಗೆಮನೆಗೆ ಹೋದಳು.

ಅವತ್ತು ಮನೆಗೆ ಬಂದವಳು ಸೀಸೆಯಲ್ಲಿದ್ದದ್ದನ್ನು ಹಿತ್ತಲಿನ ಮೋರಿಗೆ ಸುರಿದಳು. ಭಾಸ್ಕರನ ಎದುರು ನೆಲದ ಮೇಲೆ ಕೂತು, ತಾನು ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿದಳು. ಕದ್ದು ತಂದದ್ದು, ಐತಾಳರಿಗೆ ಇಲ್ಲವೆಂದದ್ದು. ಬುದ್ಧಿ ಮಂಕಾಯಿತಾ ಎಂದು ಅವನನ್ನು ಕೇಳಿದ್ದು. ಭಾಸ್ಕರ ತೊಟ್ಟಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡ. ಕೊನೆಗೆ "ಆಯ್ತ್" ಎಂದ. ಅದು ಕ್ಷಮೆಯೋ, ಸಾಕು ಎಂದದ್ದೋ ಅವಳಿಗೆ ತಿಳಿಯಲಿಲ್ಲ. ತಿಳಿಯಿತೆಂದು ಅಂದುಕೊಳ್ಳುವ ಧೈರ್ಯವೂ ಅವಳಿಗೆ ಬರಲಿಲ್ಲ.

ಅವಳು ಹದಿನೈದು ದಿನ ರಜೆ ಹಾಕಿದಳು. ರಂಗಿಗೆ ಎರಡು ಬೆರಳು ಹಿಡಿಯುವ ಪಾಳಿಯನ್ನು ಮೂವರೂ ಹಂಚಿಕೊಂಡರು. ಔಷಧ ನಿಲ್ಲಿಸಿದ ಹನ್ನೊಂದನೆಯ ದಿನ ರಂಗಿ ತೋಳು ಕಚ್ಚುವುದನ್ನು ಬಿಟ್ಟು ಬಂಡೆಯ ಸಂದಿಗೆ ಹೋಯಿತು. ಒಳಗೆ ತೋಳು ಚಾಚಿ ಹಿಂದಕ್ಕೆ ಎಳೆದುಕೊಂಡಾಗ, ಹವಳದ ಟೊಂಗೆಯಲ್ಲಿ ಒಂದು ಮೊಟ್ಟೆ ಅಂಟಿಕೊಂಡಿತ್ತು. ಗಂಡಿಲ್ಲದೆ ಇಟ್ಟ ಮೊಟ್ಟೆ, ಮರಿಯಾಗುವಂಥದ್ದಲ್ಲ. ಬಣ್ಣವೂ ಕಪ್ಪಿರಲಿಲ್ಲ, ಅನ್ನದ ಗಂಜಿಯ ಹಾಗೆ ಬೆಳ್ಳಗಿತ್ತು. ಆದರೂ ರಂಗಿ ನಾಲ್ಕು ದಿನ ಒಂದರ ಪಕ್ಕದಲ್ಲಿ ಒಂದನ್ನು ಅಂಟಿಸುತ್ತ ಹೋಯಿತು. ಮಧ್ಯೆ ಮಧ್ಯೆ ಮರಳಿನ ಮೇಲೆ ಕೂತು ನಿದ್ದೆ ಮಾಡಿತು. ಅದು ನಿದ್ದೆ ಮಾಡಿದ್ದನ್ನು ವನಜಾ ಯಾವ ಕಾಲದಲ್ಲಿ ನೋಡಿದ್ದಳೋ.

"ಇಷ್ಟೇ ಬೇಕಿತ್ತಲೆ ಅದ್ಕೆ," ಎಂದರು ಗುಲಾಬಿಯಮ್ಮ. ಸೊಸೆಯ ಕಡೆ ನೋಡದೆ ಹೇಳಿದರು.

ಮೂವತ್ತನೆಯ ದಿನ ಬೆಳಿಗ್ಗೆ ರಂಗಿ ಮರಳಿನ ಮೇಲೆ ಬೆಳ್ಳಗೆ ಬಿದ್ದಿತ್ತು. ಗುಲಾಬಿಯಮ್ಮ ಅದನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ಅಳಿವೆಗೆ ಹೋಗಿ ಬಿಟ್ಟು ಬಂದರು. ಭಾಸ್ಕರ ಮಧ್ಯಾಹ್ನ ಊಟ ಮಾಡಿ ಮಲಗಿದವನು ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ವನಜಾ ನಾಲ್ಕು ಸಲ ಹೋಗಿ ಉಸಿರು ನೋಡಿ ಬಂದಳು. ಅವನು ನಿದ್ದೆ ಮಾಡುತ್ತಿದ್ದ, ಅಷ್ಟೇ.

ಸೋಮವಾರ ಅವಳು ಐತಾಳರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ನಡೆದದ್ದನ್ನೆಲ್ಲ ಹೇಳಿದಳು. ಅವರು ಮೇಜಿನ ಖಾನೆಯಿಂದ ಪತ್ರಗಳ ಒಂದು ಕಟ್ಟು ತೆಗೆದು ಅವಳ ಮುಂದಿಟ್ಟರು. ಬೆಳೆದ ಪ್ರಾಣಿಗಳನ್ನೇ ಕೊಂಡಿದ್ದ ಮೊದಲ ಗಿರಾಕಿಗಳಿಂದ ಕಂಪನಿಗೆ ಬಂದ ದೂರುಗಳು. ತೋಳು ಕಚ್ಚಿಕೊಳ್ಳುತ್ತಿದೆ, ನಿದ್ದೆ ಮಾಡುತ್ತಿಲ್ಲ, ಬಂಡೆಯ ಸಂದು ತೊಳೆಯುತ್ತಿದೆ.

"ನೀರಿನ ದೋಷ ಅಂತ ನಾನೇ ಉತ್ತರ ಬರೆದುಕೊಟ್ಟೆ ವನಜಾ. ನಿಮ್ಮನ್ನ ಕೇಳಿದ್ದೆ, ನೀವು ಇಲ್ಲ ಅಂದಿದ್ರಿ. ಅದನ್ನ ನಂಬಿ ಬರೆದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ವರ್ಷದಲ್ಲಿ ನಿವೃತ್ತಿಯಾಗಬೇಕಿದ್ದ ಮನುಷ್ಯ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಹನ್ನೊಂದು ಸಾವಿರ ಮನೆಗಳಲ್ಲಿ ಉಂಟು ಈಗ. ಹೆಚ್ಚಿನವಕ್ಕೆ ಇನ್ನೂ ಎರಡು ವರ್ಷ ಆಗ್ಲಿಲ್ಲ."

ವನಜಾ ಅಮಾನತಾದಳು. ಗುಳಿಗೆಯ ಮಾರಾಟ ನಿಂತಿತು. ವಿಚಾರಣೆ ಮುಗಿಯುವ ತನಕ ಕೇಂದ್ರದವರು ಅವಳಿಗೆ ಒಂದೇ ಕೆಲಸ ಕೊಟ್ಟರು, ಅದೂ ಅವಳೇ ಕೇಳಿಕೊಂಡದ್ದು. ಸಾಕಿದವರಿಗೆಲ್ಲ ಹೋದ ಪತ್ರದ ಕೆಳಗೆ ಅವಳ ಫೋನ್ ನಂಬರು ಹಾಕಲಾಯಿತು. ಬೆಳಿಗ್ಗೆ ಒಂಬತ್ತರಿಂದ ಅವಳು ಚಾವಡಿಯಲ್ಲಿ ಕೂತು ಕರೆಗಳಿಗೆ ಉತ್ತರಿಸುತ್ತಿದ್ದಳು. ಕೆಲವರು ಬೈದರು. ಕೆಲವರು ಮೊಕದ್ದಮೆ ಹಾಕುತ್ತೇವೆಂದರು. ಗುಳಿಗೆ ಇನ್ನೂ ಎಲ್ಲಿ ಸಿಗುತ್ತದೆಂದು ಕೇಳಿದವರೂ ಇದ್ದರು.

ಮೂರನೆಯ ವಾರ ಹಾಸನದಿಂದ ಒಬ್ಬ ಹೆಂಗಸು ಕರೆ ಮಾಡಿದಳು.

"ಮೇಡಂ, ನಿಮ್ಮ ಕಾಗದ ಬಂತು. ನಮ್ಮದು ಚೆನ್ನಾಗೇ ಇದೆ. ಕಚ್ಚಿಕೊಳ್ಳೋದೆಲ್ಲ ಏನೂ ಇಲ್ಲ. ನಮ್ಮ ಮಾವನವರು ನಡುಮನೆಗೆ ಬಂದ್ರೆ ಸಾಕು, ಮೈಯೆಲ್ಲ ಕೆಂಪು ಮಾಡ್ಕೊಂಡು ಓಡಿ ಬರುತ್ತೆ. ಗುಳಿಗೆ ಈಗಲೇ ನಿಲ್ಲಿಸ್ಬೇಕಾ?"

"ಈಗಲೇ ನಿಲ್ಲಿಸಿದ್ರೆ ಅದಕ್ಕೆ ನೋವು ಶುರು ಆಗುವ ಮೊದಲೇ ಮುಗೀತದೆ."

"ಮುಗೀತದೆ ಅಂದ್ರೆ?"

"ಮೊಟ್ಟೆ ಇಡ್ತದೆ. ಆಮೇಲೆ ಒಂದು ತಿಂಗಳೊಳಗೆ ಸಾಯ್ತದೆ."

"ಹೀಗಾಗುತ್ತೆ ಅಂತ ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಇಷ್ಟು ಕರೆಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಪತ್ರದಲ್ಲಿ "ಇತ್ತೀಚೆಗೆ ತಿಳಿದುಬಂದಿದೆ" ಎಂದು ಬರೆದಿದ್ದರು. ವನಜಾ ಗಂಡನ ಕಡೆ ನೋಡಿದಳು. ಅವನು ಎಡಹೆಗಲಿಗೆ ಶಾಖದ ಪಟ್ಟಿ ಕಟ್ಟಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದ.

"ಎರಡೂವರೆ ವರ್ಷದ ಹಿಂದೆ," ಎಂದಳು.

"ನಾವು ತಂದು ಒಂದೂಕಾಲು ವರ್ಷ ಆಯ್ತು."

"ಹೌದು."

ಹೆಂಗಸು ಫೋನು ಇಡುತ್ತಾಳೆಂದು ವನಜಾ ಕಾದಳು. ಇಡಲಿಲ್ಲ. ಆ ಕಡೆಯಿಂದ ತೊಟ್ಟಿಯ ಪಂಪು ಓಡುವ ಸದ್ದು, ಯಾರೋ ವಯಸ್ಸಾದವರು ಏನೋ ಹೇಳಿ ನಗುವ ಸದ್ದು ಕೇಳುತ್ತಿತ್ತು. ಬಾಗಿಲೊಂದು ಮುಚ್ಚಿದಂತಾಗಿ ಆ ಸದ್ದುಗಳು ನಿಂತವು. ಹೆಂಗಸು ಮೂಗೊರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು.

"ಮಾವನವರಿಗೆ ಮೊದಲು ಹೇಳ್ಬೇಕಾ, ನಿಲ್ಲಿಸಿದ ಮೇಲೆ ಹೇಳ್ಬೇಕಾ?"

"ಮೊದಲೇ ಹೇಳಿ," ಎಂದಳು ವನಜಾ. "ಅವರನ್ನ ಕೇಳಿಯೇ ನಿಲ್ಲಿಸಿ."